ಅಡವಿಟ್ಟ ವೀರರು

ಚಿತ್ರದ ಕೊನೆಯ ದೃಶ್ಯ ತೆರೆಯ ಮೇಲಿರುವಾಗಲೇ ಎದ್ದು ಕಾಲಿನಿಂದ ಚಪ್ಪಲಿ ಹುಡುಕುವುದು ನಮ್ಮವರ ಹಳೆಯ ಅಭ್ಯಾಸ. ‘ಶುಭಂ’ ಎಂಬ ಅಕ್ಷರಗಳು ಮೂಡುವ ಹೊತ್ತಿಗೆ ಅರ್ಧ ಸಭೆ ಬಾಗಿಲಲ್ಲಿರುತ್ತಿತ್ತು. ನಾನೂ ಆ ಸಂಪ್ರದಾಯದವನೇ. ೨೦೧೨ರಲ್ಲಿ ತಂಗಿಯ ಮಗನ ಒತ್ತಾಯಕ್ಕೆ ‘ದಿ ಅವೆಂಜರ್ಸ್’ ಎಂಬ ಚಿತ್ರಕ್ಕೆ ಹೋದವನು, ನಗರ ಉಳಿಯಿತು, ವೀರರು ಗೆದ್ದರು, ಇನ್ನೇನಿದೆ ಎಂದು ಎದ್ದೆ. ಹುಡುಗ ತೋಳು ಹಿಡಿದು ಕೂರಿಸಿದ.

“ಕೂತ್ಕೊಳ್ಳಿ ಮಾವ, ಇನ್ನೂ ಇದೆ.”

ಸುತ್ತ ನೋಡಿದೆ, ಹರೆಯದವರಾರೂ ಎದ್ದಿರಲಿಲ್ಲ. ಹೆಸರುಗಳು ಸಾಲುಸಾಲಾಗಿ ಬಂದುವು. ನಡುವೆ ಒಂದು ಗಳಿಗೆ ಯಾರೋ ದೈತ್ಯನ ಮುಖ ಇತ್ತ ತಿರುಗಿ ನಕ್ಕಿತು. ಸಭೆ ಹೋ ಎಂದು ಕೂಗಿತು. ಆ ದೈತ್ಯನ ಕಥೆ ಮುಗಿಯಬೇಕಾದರೆ ಏಳು ವರ್ಷ ಕಾಯಬೇಕೆಂಬುದು ನನಗೆ ಆಗ ತಿಳಿದಿರಲಿಲ್ಲ.

‘ಇನ್ನೂ ಇದೆ’ ಎಂಬ ಆ ಎರಡು ಮಾತುಗಳಲ್ಲೇ ಮಾರ್ವೆಲ್ ಚಿತ್ರಮಾಲೆಯ ಮರ್ಮವೆಲ್ಲ ಅಡಗಿದೆ. ಆದರೆ ಮಾತು ಚಿತ್ರದವರದಲ್ಲ. ಅಗ್ಗದ ಕಾಗದದ ಮೇಲೆ ಅಚ್ಚಾದ ಮಕ್ಕಳ ಚಿತ್ರಕಥಾ ಪುಸ್ತಿಕೆಗಳದು. ೧೯೬೧ರಲ್ಲಿ ಸ್ಟ್ಯಾನ್ ಲೀ ಎಂಬ ಸಂಪಾದಕನೂ ಜ್ಯಾಕ್ ಕರ್ಬಿ ಎಂಬ ಚಿತ್ರಕಾರನೂ ಸೇರಿ ‘ಫೆಂಟಾಸ್ಟಿಕ್ ಫೋರ್’ ಹೊರತಂದರು. ಮರುವರ್ಷ ಲೀ ಮತ್ತು ಸ್ಟೀವ್ ಡಿಟ್ಕೊ ಅವರಿಂದ ‘ಸ್ಪೈಡರ್ ಮ್ಯಾನ್’ ಬಂದ. ಇವರ ವೀರರೆಲ್ಲ ಬೇರೆ ಬೇರೆ ಪುಸ್ತಕದವರಾದರೂ ಒಂದೇ ನ್ಯೂಯಾರ್ಕ್ ನಗರದ ನಿವಾಸಿಗಳು. ಒಬ್ಬನ ಕಥೆಯೊಳಕ್ಕೆ ಇನ್ನೊಬ್ಬನು ನೆರೆಮನೆಯವನಂತೆ ನಡೆದು ಬರಬಹುದು. ೧೯೬೩ರ ತನ್ನ ಮೊದಲನೆಯ ಸಂಚಿಕೆಯಲ್ಲಿಯೇ ಸ್ಪೈಡರ್ ಮ್ಯಾನ್ ಆ ನಾಲ್ವರ ಬಾಗಿಲಿಗೆ ಕೆಲಸ ಕೇಳಿಕೊಂಡು ಹೋಗುತ್ತಾನೆ. ಅಲ್ಲಿ ಸಂಬಳವೆಂಬುದೇ ಇಲ್ಲವೆಂದು ತಿಳಿದು ಹಿಂದಿರುಗುತ್ತಾನೆ. ಉಪಕಥೆಗಳ ಕಾಡಿನಲ್ಲಿ ಬೆಳೆದ ಭಾರತದ ಓದುಗನಿಗೆ ಈ ಕ್ರಮ ಹೊಸದಲ್ಲ. ರಾಮಾಯಣದ ಹನುಮಂತನು ಭಾರತದ ಭೀಮನ ದಾರಿಗೆ ಬಾಲ ಚಾಚಿ ಮಲಗಿದುದನ್ನು ನಾವು ಎಂದಾದರೂ ಪ್ರಶ್ನಿಸಿದ್ದೇವೆಯೆ?

ಇಂತಹ ಲೋಕ ಒಡೆದು ಹಂಚಿಹೋದದ್ದು ಹಣದ ದೆಸೆಯಿಂದ. ಮುಂದೆ ಬೆಲೆ ಬಂದೀತೆಂಬ ಆಸೆಯಿಂದ ಒಂದೊಂದು ಸಂಚಿಕೆಗೂ ಹಲವು ಪ್ರತಿ ಕೊಂಡು ಪೆಟ್ಟಿಗೆಗೆ ಸೇರಿಸುತ್ತಿದ್ದ ಸಂಗ್ರಾಹಕರ ಹುಚ್ಚು ಇಳಿದಾಗ ಪೇಟೆ ಕುಸಿಯಿತು. ಸಾಲದ ಹೊರೆಯಲ್ಲಿದ್ದ ಮಾರ್ವೆಲ್ ೧೯೯೬ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ವೀರರನ್ನು ತೆರೆಗೆ ತರುವ ಹಕ್ಕುಗಳು ಅವರಿವರ ಪಾಲಾಗಿದ್ದುವು: ಸ್ಪೈಡರ್ ಮ್ಯಾನ್ ಸೋನಿಯವರಿಗೆ, ‘ಎಕ್ಸ್ ಮೆನ್’ ಫಾಕ್ಸ್ ಸಂಸ್ಥೆಗೆ. ಆ ಚಿತ್ರಗಳು ಗೆದ್ದುವು. ಆದರೆ ಗೆಲುವಿನ ಬಹುಪಾಲು ಚಿತ್ರ ತೆಗೆದವರದು.

೨೦೦೫ರಲ್ಲಿ ಸಂಸ್ಥೆ ಒಂದು ಸಾಹಸ ಮಾಡಿತು. ತಾನೇ ಚಿತ್ರ ತೆಗೆಯುವುದಕ್ಕೆ ಮೆರಿಲ್ ಲಿಂಚ್ ಎಂಬ ಹಣಕಾಸಿನ ಮನೆಯಿಂದ ೫೨ ಕೋಟಿ ೫೦ ಲಕ್ಷ ಡಾಲರುಗಳ ಸಾಲದ ಏರ್ಪಾಡು ಮಾಡಿಕೊಂಡಿತು. ಒತ್ತೆಯಾಗಿ ಇಟ್ಟದ್ದು ಹೊಲವಲ್ಲ, ಮನೆಯಲ್ಲ. ಹತ್ತು ಕಥಾಸ್ವತ್ತುಗಳ ಚಿತ್ರಹಕ್ಕು. ಕ್ಯಾಪ್ಟನ್ ಅಮೆರಿಕ, ಬ್ಲ್ಯಾಕ್ ಪ್ಯಾಂಥರ್, ಡಾಕ್ಟರ್ ಸ್ಟ್ರೇಂಜ್ ಅವರಲ್ಲಿದ್ದರು. ಚಿತ್ರಗಳು ಸೋತರೆ ವೀರರು ಸಾಲಗಾರನ ಮನೆಗೆ. ಸತ್ಯಕ್ಕಾಗಿ ತನ್ನನ್ನೇ ಮಾರಿಕೊಂಡ ಹರಿಶ್ಚಂದ್ರನನ್ನು ಬಲ್ಲೆವು. ವ್ಯಾಪಾರಕ್ಕಾಗಿ ವೀರರನ್ನು ಅಡವಿಟ್ಟ ಕಥೆ ಇದು.

೨೦೦೮ರ ಮೇ ತಿಂಗಳಲ್ಲಿ ‘ಐರನ್ ಮ್ಯಾನ್’ ಬಂತು. ನಿರ್ದೇಶಕ ಜಾನ್ ಫೆವ್ರೋ. ನಾಯಕ ರಾಬರ್ಟ್ ಡೌನಿ ಜೂನಿಯರ್. ಹೆಸರುಗಳೆಲ್ಲ ಮುಗಿದ ಮೇಲೆ ಸ್ಯಾಮ್ಯುಯೆಲ್ ಜ್ಯಾಕ್ಸನ್ ನೆರಳಿನಿಂದ ಬಂದು ಅವೆಂಜರ್ಸ್ ಪಡೆಯ ಪ್ರಸ್ತಾಪ ಎತ್ತಿದ. ಕೆವಿನ್ ಫೈಗಿ ಎಂಬ ನಿರ್ಮಾಪಕನು ಒಂದು ಚಿತ್ರದ ಕೊನೆಯನ್ನು ಮುಂದಿನದರ ಹೊಸಿಲಾಗಿ ಮಾಡಿದ ಬಗೆ ಇದು. ೨೦೦೯ರಲ್ಲಿ ಡಿಸ್ನಿ ಸಂಸ್ಥೆ ಸುಮಾರು ೪೦೦ ಕೋಟಿ ಡಾಲರು ತೆತ್ತು ಮಾರ್ವೆಲನ್ನೇ ಕೊಂಡಿತು. ನಾನು ನೋಡಿದ ಆ ‘ಅವೆಂಜರ್ಸ್’ ಒಂದೇ ೧೫೦ ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಸೋನಿಯವರೊಡನೆ ೨೦೧೫ರಲ್ಲಿ ಒಪ್ಪಂದವಾಗಿ, ಮರುವರ್ಷ ಸ್ಪೈಡರ್ ಮ್ಯಾನ್ ಕೂಡ ತವರಿಗೆ ಬಂದುಹೋಗುವ ಮಗಳಂತೆ ಈ ಚಿತ್ರಗಳಲ್ಲಿ ಕಾಣಿಸಿಕೊಂಡ. ಅಡವಿಟ್ಟ ವೀರರು ಬಿಡುಗಡೆಯಾದರು.

ಹಾಗಾದರೆ ಋಣವೆಲ್ಲ ತೀರಿತೆ?

ಒಂದು ಋಣ ಉಳಿದಿತ್ತು. ಜ್ಯಾಕ್ ಕರ್ಬಿ ೧೯೯೪ರಲ್ಲಿ ತೀರಿಕೊಂಡಿದ್ದ. ಕ್ಯಾಪ್ಟನ್ ಅಮೆರಿಕನನ್ನು ಜೋ ಸೈಮನ್ ಜೊತೆಗೂಡಿ ೧೯೪೧ರಲ್ಲಿಯೇ ಸೃಷ್ಟಿಸಿದವನು ಅವನು. ಲೀಯೊಡನೆ ಸೇರಿ ಅವೆಂಜರ್ಸ್, ಬ್ಲ್ಯಾಕ್ ಪ್ಯಾಂಥರ್ ಮುಂತಾದವರನ್ನು ಬರೆದವನೂ ಅವನೇ. ಕೂಲಿ ಪುಟಕ್ಕಿಷ್ಟು ಎಂದು, ಹಕ್ಕು ಸಂಸ್ಥೆಯದು. ಮಕ್ಕಳು ಹಕ್ಕು ಕೇಳಿ ಹೋದಾಗ, ಅದು ಕೂಲಿಗೆ ಮಾಡಿದ ಕೆಲಸವೆಂದು ೨೦೧೧ರಲ್ಲಿಯೂ ೨೦೧೩ರಲ್ಲಿಯೂ ನ್ಯಾಯಾಲಯಗಳು ತೀರ್ಪಿತ್ತುವು. ವ್ಯಾಜ್ಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟುತ್ತಿರುವಾಗ, ೨೦೧೪ರ ಸೆಪ್ಟೆಂಬರಿನಲ್ಲಿ, ಎರಡು ಪಕ್ಷದವರೂ ರಾಜಿಯಾದರು. ಸಂಬಳವಿಲ್ಲದ ಕೆಲಸವನ್ನು ಒಲ್ಲೆನೆಂದು ಬಂದ ಸ್ಪೈಡರ್ ಮ್ಯಾನನ ಪ್ರಸಂಗವನ್ನು ಈಗ ನೆನೆದರೆ ನಗು ಅಷ್ಟು ಸುಲಭವಾಗಿ ಬರುವುದಿಲ್ಲ.

೨೦೧೯ರ ಏಪ್ರಿಲಿನಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ ಬಂತು. ಹನ್ನೊಂದು ವರ್ಷಗಳ ಮಾಲೆಯಲ್ಲಿ ೨೨ನೆಯದು. ಗಳಿಕೆ ಸುಮಾರು ೨೭೯ ಕೋಟಿ ಡಾಲರು. ನಮ್ಮ ದೇಶದಲ್ಲಿ ಇಂಗ್ಲಿಷಲ್ಲದೆ ಹಿಂದಿ, ತಮಿಳು, ತೆಲುಗುಗಳಲ್ಲಿ ಅದು ಮಾತಾಡಿತು; ಕನ್ನಡದಲ್ಲಿ ಮಾತಾಡಲಿಲ್ಲ. ಹುಡುಗ ಈಗ ಗಡ್ಡದ ಯುವಕ. ಹಳೆಯ ಪಾಠ ಮರೆಯದೆ ನಾನೂ ಕೊನೆಯತನಕ ಕುಳಿತೆ. ಯಾವ ದೃಶ್ಯವೂ ಬರಲಿಲ್ಲ. ತೆರೆ ಕಪ್ಪಾದ ಮೇಲೆ ಕಬ್ಬಿಣ ಬಡಿಯುವ ಸದ್ದೊಂದು ಮಾತ್ರ ಕೇಳಿಸಿ ನಿಂತಿತು. “ಮೊದಲನೇ ಚಿತ್ರದಲ್ಲಿ, ಗುಹೇಲಿ ಕವಚ ಮಾಡ್ತಾನಲ್ಲ ಮಾವ, ಅದೇ ಸದ್ದು” ಎಂದ ಹುಡುಗ. ಅವನ ಗಂಟಲು ಕಟ್ಟಿತ್ತು. ಕಬ್ಬಿಣದ ಕವಚದ ವೀರನು ಆ ಚಿತ್ರದಲ್ಲಿ ಪ್ರಾಣ ತೆತ್ತಿದ್ದ. ಅಂದು ನನಗೂ ಇವರ ಕಲೆಯ ಮೇಲೆ ಗೌರವ ಹುಟ್ಟಿತೆಂದು ಒಪ್ಪಿಕೊಳ್ಳುತ್ತೇನೆ. ಅದು ‘ಶುಭಂ’ ಎಂಬುದರ ಅವರ ರೀತಿ.

ಆದರೆ ವ್ಯಾಪಾರಕ್ಕೆ ಶುಭಂ ಎಲ್ಲಿಯದು? ಅದೇ ಜುಲೈಯಲ್ಲಿ ಮುಂದಿನ ಚಿತ್ರ ಬಂತು. ೨೦೨೧ ಒಂದೇ ವರ್ಷದಲ್ಲಿ ೪ ಚಿತ್ರಗಳು, ಮನೆಯಲ್ಲಿ ಚಂದಾ ತೆತ್ತು ನೋಡಬೇಕಾದ ೫ ಧಾರಾವಾಹಿಗಳು. ೨೦೨೩ರ ‘ದಿ ಮಾರ್ವೆಲ್ಸ್’ ಚಿತ್ರದ ಮೂವರು ನಾಯಿಕೆಯರಲ್ಲಿ ಇಬ್ಬರ ಪೂರ್ವಕಥೆ ಧಾರಾವಾಹಿಗಳಲ್ಲಿತ್ತು. ಒಂದು ಕಥೆಗೆ ಒಂಬತ್ತು ಕಥೆಗಳ ಪೂರ್ವಪಾಠವಾದರೆ ಕೇಳುಗನಿಗೆ ಅದು ಪರೀಕ್ಷೆಯಾಗುತ್ತದೆ. ಆ ಚಿತ್ರ ಗಳಿಸಿದ್ದು ಸುಮಾರು ೨೦ ಕೋಟಿ ಡಾಲರು. ಮಾಲೆಯಲ್ಲಿ ಅಲ್ಲಿಯವರೆಗಿನ ಅತ್ಯಂತ ಕಡಿಮೆ. ವಿಪರೀತ ಸಂಖ್ಯೆಯಿಂದ ಗಮನ ಚದುರಿತೆಂದು ಡಿಸ್ನಿಯ ಮುಖ್ಯಸ್ಥ ಬಾಬ್ ಐಗರ್ ಅವರೇ ಅದೇ ವರ್ಷ ಒಪ್ಪಿಕೊಂಡರು. ೨೦೨೪ರಲ್ಲಿ ಹೊಸ ಘೋಷಣೆಯಾಯಿತು: ತೆರೆಯ ಮೇಲೆ ಮಡಿದಿದ್ದ ಡೌನಿ ಮರಳಿ ಬರುತ್ತಾರೆ, ಈ ಸಲ ಖಳನಾಗಿ. ಬಯಲಾಟದಲ್ಲಿ ಒಂದು ರಾತ್ರಿಯ ರಾಮ ಮರುರಾತ್ರಿ ರಾವಣನಾದರೆ ನಾವು ಒಪ್ಪುತ್ತೇವೆ. ಆದರೆ ಹಿಂದಿನ ರಾತ್ರಿ ಮಂಗಳ ಹಾಡಿರಬೇಕು.

ಈ ಲೋಕ ಒಮ್ಮೆ ನಿಜವಾಗಿ ತಲೆತಗ್ಗಿಸಿ ನಿಂತದ್ದೂ ಉಂಟು. ೨೦೧೮ರ ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರದ ನಾಯಕ ಚ್ಯಾಡ್ವಿಕ್ ಬೋಸ್‌ಮನ್ ೨೦೨೦ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ, ಆ ರಾಜನ ವೇಷವನ್ನು ಇನ್ನೊಬ್ಬನಿಗೆ ತೊಡಿಸಲಿಲ್ಲ; ೨೦೨೨ರ ಮುಂದಿನ ಚಿತ್ರವನ್ನು ಶೋಕದಿಂದಲೇ ಆರಂಭಿಸಿದರು. ಮರಣಕ್ಕೆ ಮರ್ಯಾದೆ ಸಲ್ಲಿಸುವುದು ಅವರಿಗೂ ತಿಳಿದಿದೆ. ನನ್ನ ದೂರು ಇಷ್ಟೇ: ತಿಳಿದದ್ದನ್ನು ವ್ಯಾಪಾರ ಬಹುಬೇಗ ಮರೆಸುತ್ತದೆ.

ಈಗಲೂ ಹುಡುಗ ಕರೆದರೆ ಹೋಗುತ್ತೇನೆ. ಎಲ್ಲರೊಡನೆ ಕೊನೆಯತನಕ ಕುಳಿತಿರುತ್ತೇನೆ. ಅವರು ಹೆಸರುಗಳು ಮುಗಿಯಲೆಂದು ಕಾಯುತ್ತಾರೆ. ಮುಂದಿನ ಕಥೆಯ ತುಣುಕು ಅವರಿಗೆ ಬೇಕು. ನಾನು ಕಾಯುವುದು ಹೆಸರುಗಳಿಗಾಗಿಯೇ. ಆ ನೂರಾರು ಹೆಸರುಗಳ ನಡುವೆ, ಕನ್ನಡಕ ಸರಿಪಡಿಸಿಕೊಳ್ಳುವಷ್ಟರಲ್ಲಿ ಮೇಲೆ ಸರಿದುಹೋಗುವ ಒಂದು ಸಾಲಿರುತ್ತದೆ. ಪುಟಕ್ಕಿಷ್ಟು ಎಂದು ಕೂಲಿ ಪಡೆದು ಬರೆದವನ ಹೆಸರು ಅಲ್ಲಿ ಕಾಣಿಸಿದರೆ, ನನ್ನ ಪಾಲಿಗೆ ಚಿತ್ರ ಮುಗಿಯಿತು. ಆಮೇಲೆ ಚಪ್ಪಲಿ ಹುಡುಕುತ್ತೇನೆ.