ಮೂವತ್ತು ವರ್ಷದ ಹಿಂದಿನ ಧೂಳು



ನಮ್ಮ ಮಮದಾಪುರದ ಸುತ್ತಮುತ್ತ ಎಷ್ಟೋ ಮನೆಗಳಿಗೆ, ದನದ ಕೊಟ್ಟಿಗೆಗಳಿಗೆ ಬೂದು ಬಣ್ಣದ ಸಿಮೆಂಟ್ ಶೀಟಿನ ಚಾವಣಿಯಿದೆ. ಇಂಥ ಶೀಟುಗಳಲ್ಲಿ ಸಾಮಾನ್ಯವಾಗಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಬೆರೆತಿರುತ್ತದೆ. ಹಿಂದೆ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತ ಇದರ ಗಣಿಗಳಿದ್ದವು. ಈಗ ಹೊರದೇಶದಿಂದ ತರಿಸಿದ ಬಿಳಿ ಕಲ್ನಾರಿನಿಂದ ಶೀಟು ತಯಾರಾಗುತ್ತದೆ.

ಶೀಟು ಗಟ್ಟಿಯಾಗಿರುವವರೆಗೆ ಅಪಾಯ ಕಡಿಮೆ. ಕತ್ತರಿಸುವಾಗ, ತೂತು ಕೊರೆಯುವಾಗ, ಒಡೆಯುವಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರುತ್ತವೆ. ಉಸಿರಿನೊಂದಿಗೆ ಒಳಹೋದ ಎಳೆಗಳಲ್ಲಿ ಕೆಲವು ಕರಗದೆ ಅಲ್ಲೇ ಉಳಿದು, ಶ್ವಾಸಕೋಶದ ಹೊರಗಿನ ತೆಳು ಪೊರೆಯನ್ನು ತಲುಪುತ್ತವೆ. ಆ ಪೊರೆಯಲ್ಲಿ ಹುಟ್ಟುವ ಕ್ಯಾನ್ಸರೇ ಮೀಸೋಥೀಲಿಯೋಮಾ. ಇದು ಬೀಡಿ, ಸಿಗರೇಟಿನಿಂದ ಬರುವಂಥದ್ದಲ್ಲ. ಆದರೆ ಕಲ್ನಾರಿನ ಧೂಳು ಕುಡಿದವರು ಬೀಡಿಯನ್ನೂ ಸೇದಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಹೆಚ್ಚುತ್ತದೆ.

1960ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯರು ಕಲ್ನಾರು ಗಣಿ ಪ್ರದೇಶದ ಜನರಲ್ಲಿ ಈ ರೋಗದ 33 ಪ್ರಕರಣಗಳನ್ನು ವರದಿ ಮಾಡಿದರು. ಅವರಲ್ಲಿ ಗಣಿಯೊಳಗೆ ದುಡಿಯದವರೂ ಇದ್ದರು. ಕೆಲಸಗಾರರ ಧೂಳುಬಟ್ಟೆ ಒಗೆದ ಮನೆಯ ಹೆಂಗಸರಿಗೂ ಈ ರೋಗ ಬಂದದ್ದು ಮುಂದೆ ಹಲವು ದೇಶಗಳಲ್ಲಿ ಕಂಡುಬಂತು.

ಧೂಳು ಹೊಕ್ಕ 20ರಿಂದ 50 ವರ್ಷಗಳ ಬಳಿಕ ರೋಗ ತಲೆಯೆತ್ತುತ್ತದೆ. ಏದುಸಿರು, ಒಂದು ಪಕ್ಕೆಯಲ್ಲಿ ನೋವು, ಒಣಕೆಮ್ಮು, ತೂಕ ಇಳಿಯುವುದು, ಎದೆಯಲ್ಲಿ ನೀರು ತುಂಬುವುದು ಇದರ ಲಕ್ಷಣಗಳು. ನಮ್ಮ ದೇಶದಲ್ಲಿ ಎದೆನೀರಿಗೆ ಕ್ಷಯವೇ ಸಾಮಾನ್ಯ ಕಾರಣವಾದ್ದರಿಂದ ವೈದ್ಯರು ಮೊದಲು ಕ್ಷಯವನ್ನೇ ಶಂಕಿಸುತ್ತಾರೆ. ಅದು ತಪ್ಪಲ್ಲ. ಆದರೆ ನೀರು ತೆಗೆದಷ್ಟೂ ಮತ್ತೆ ತುಂಬುತ್ತಿದ್ದರೆ ಸಿ.ಟಿ. ಸ್ಕ್ಯಾನ್ ಮತ್ತು ಬಯಾಪ್ಸಿ ಬೇಕು. ಆಗ ಒಂದು ಮಾತನ್ನು ನೀವೇ ಹೇಳಬೇಕು: "ಡಾಕ್ಟರೇ, ನಾನು ಹಿಂದೆ ಶೀಟು ಕೊಯ್ಯುವ ಕೆಲಸ ಮಾಡುತ್ತಿದ್ದೆ." ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಆದೇಶಿಸಿದೆ. ಆದರೆ ಚಾವಣಿ ಹೊದಿಸುವ ಕೂಲಿಯವನಿಗೆ ಅವನ ನೆನಪೇ ದಾಖಲೆ.

ಯುನಾನಿಯಲ್ಲಿ ಪಕ್ಕೆಯ ಪೊರೆಯ ಉರಿಯೂತಕ್ಕೆ 'ಜಾತುಲ್ ಜಂಬ್' ಎನ್ನುತ್ತೇವೆ. ಆ ಹೆಸರಿನಡಿ ಈ ಕ್ಯಾನ್ಸರಿಗೆ ಜೋಶಾಂದಾ ಕುಡಿಯುತ್ತ ತಿಂಗಳು ಕಳೆಯಬೇಡಿ. ಯುನಾನಿ ಹಕೀಮನಾಗಿಯೇ ಹೇಳುತ್ತೇನೆ, ನಮ್ಮಲ್ಲಿ ಇದನ್ನು ಗುಣಪಡಿಸುವ ಮದ್ದಿಲ್ಲ. ಶಸ್ತ್ರಚಿಕಿತ್ಸೆ, ಕಿಮೋಥೆರಪಿಗಳೂ ಸಾಮಾನ್ಯವಾಗಿ ಆಯುಷ್ಯವನ್ನು ಸ್ವಲ್ಪ ಹೆಚ್ಚಿಸಿ ನೋವು ತಗ್ಗಿಸುತ್ತವೆ, ಅಷ್ಟೇ. ಆದ್ದರಿಂದ ತಡೆಯುವುದೇ ಮೇಲು.

2019ರ ಘಟಪ್ರಭಾ ಪ್ರವಾಹದಲ್ಲಿ ಗೋಕಾಕ ಸೀಮೆಯ ಎಷ್ಟೋ ಮನೆಗಳು ಬಿದ್ದವು. ಅಂಥ ಹೊತ್ತಿನಲ್ಲಿ ಒಡೆದ ಶೀಟುಗಳನ್ನು ಬರಿಗೈಯಲ್ಲಿ ಎತ್ತಿಹಾಕುವುದೇ ರೂಢಿ. ಇನ್ನು ಮುಂದೆ ಹೀಗೆ ಮಾಡಿ:

• ಮೊದಲು ನೀರು ಚಿಮುಕಿಸಿ, ಒಡೆಯದೆ ಇಡಿಯಾಗಿ ಇಳಿಸಿ.
• ಒಣ ಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಿ.
• ಬಾಯಿಗೆ ಕಟ್ಟಿದ ಕರವಸ್ತ್ರ ಸಾಲದು. ಪಿ-100 ದರ್ಜೆಯ ಮಾಸ್ಕ್ ಧರಿಸಿ.
• ಕೆಲಸದ ಬಟ್ಟೆಯನ್ನು ಝಾಡಿಸದೆ ನೆನೆಸಿ ಬೇರೆಯಾಗಿ ಒಗೆಯಿರಿ.
• ಒಡೆದ ಚೂರುಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ದೇಹ ಅಲ್ಲಾಹನು ಕೊಟ್ಟ ಅಮಾನತ್. ಮನೆಯ ಹಿರಿಯರು ಯೌವನದಲ್ಲಿ ಏನು ಕೆಲಸ ಮಾಡಿದ್ದರೆಂದು ಇಂದೇ ಕೇಳಿ, ಬರೆದಿಡಿ.