ಟೈಮಿಂಗ್ ಕೂರಿಸುವ ಕೆಲಸ

ಡೀಸೆಲ್ ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ಟಾ ಕ್ವಾಡ್ರಾಜೆಟ್, ಫಿಯಟ್ ಪುಂಟೊ. ಕಂಪನಿಗಳು ಬೇರೆಯಾದರೂ ಬಾನೆಟ್ ಎತ್ತಿದರೆ ಒಳಗಿರುವುದು ಒಂದೇ ಎಂಜಿನ್: ಫಿಯಟ್ 2003ರಲ್ಲಿ ಹೊರತಂದ 1248 ಸಿಸಿಯ ಮಲ್ಟಿಜೆಟ್. ನಮ್ಮಲ್ಲಿ 2007ರಲ್ಲಿ ಸ್ವಿಫ್ಟ್‌ಗೆ ಬಂದ ಇದು ಟ್ಯಾಕ್ಸಿಯವರ ಅನ್ನದ ದಾರಿಯಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ರಸ್ತೆಯಲ್ಲಿ ಉಳಿದವು ಈಗ ಲಕ್ಷಗಟ್ಟಲೆ ಕಿಲೋಮೀಟರ್ ಓಡಿವೆ. ಹಾಗಾಗಿ ಗ್ಯಾರೇಜುಗಳಲ್ಲಿ ಟೈಮಿಂಗ್ ಚೈನ್ ಬದಲಿಸುವ ಕೆಲಸ ಹೊಸದಲ್ಲ.

ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಕೆಳಗಿದೆ, ವಾಲ್ವ್ ತೆರೆಯುವ ಕ್ಯಾಮ್ ಮೇಲಿದೆ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದೇ ಸುತ್ತು ಬರಬೇಕು. ಈ ಲೆಕ್ಕ ಕಾಯುವುದು ಚೈನ್. ಅದು ಒಂದು ಹಲ್ಲು ಜಿಗಿದರೂ ಪಿಕಪ್ ಬೀಳುತ್ತದೆ, ಹೊಗೆ ಬರುತ್ತದೆ. ಇನ್ನೂ ಜಿಗಿದರೆ, ಇಲ್ಲವೇ ಚೈನ್ ತುಂಡಾದರೆ, ತೆರೆದ ವಾಲ್ವ್‌ಗೆ ಪಿಸ್ಟನ್ ಬಂದು ಗುದ್ದುತ್ತದೆ. ಆಮೇಲೆ ಹೆಡ್ ಇಳಿಸದೆ ಗತಿಯಿಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್‌ನ ಬದಿಯಿಂದ ಕೆಲವು ಕ್ಷಣ ಗರಗರ ಸದ್ದು ಕೇಳಿದರೆ ತಕ್ಷಣ ತೋರಿಸಬೇಕು. ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಪ್ರೆಶರ್‌ನಿಂದ. ಆಯಿಲ್ ಅಲ್ಲಿಗೆ ಏರುವವರೆಗೆ ಸವೆದ ಚೈನ್ ಗೈಡ್‌ಗೆ ಬಡಿಯುತ್ತಿರುತ್ತದೆ.

ಈ ಕೆಲಸದಲ್ಲಿ ಬಿಚ್ಚುವುದೇ ಅರ್ಧ ದಿನ ತಿನ್ನುತ್ತದೆ. ಎಂಜಿನ್ ಅಡ್ಡವಾಗಿ ಕೂತಿರುವುದರಿಂದ ಚೈನ್ ಇರುವ ಬದಿಗೂ ಬಾಡಿಗೂ ನಡುವೆ ಕೈ ಆಡಿಸುವಷ್ಟೇ ಜಾಗ. ಬಲಗಡೆಯ ಚಕ್ರ ಕಳಚಿ, ಕೆಳಗಿನಿಂದ ಜಾಕ್ ಕೊಟ್ಟು, ಆ ಬದಿಯ ಮೌಂಟಿಂಗ್ ಬಿಚ್ಚಬೇಕು. ಪುಲ್ಲಿ, ಆಯಿಲ್ ಚೇಂಬರ್ ಇಳಿಸಿದ ಮೇಲೆ ಕವರ್ ತೆಗೆದರೆ ಚೈನ್ ಕಾಣುತ್ತದೆ. ಅದಕ್ಕೆ ಕೈ ಹಚ್ಚುವ ಮುನ್ನ ಕ್ರ್ಯಾಂಕನ್ನೂ ಕ್ಯಾಮನ್ನೂ ಲಾಕಿಂಗ್ ಟೂಲ್ ಹಾಕಿ ಅಲುಗದಂತೆ ನಿಲ್ಲಿಸುತ್ತಾರೆ. ಟೂಲ್ ಇಲ್ಲದೆ ಪೇಂಟ್ ಗುರುತು ಹಾಕಿ ಕೆಲಸ ಮುಗಿಸುವವರೂ ಇದ್ದಾರೆ. ಅಂಥವರ ಕೈಗೆ ಗಾಡಿ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಬಿಚ್ಚಿದ ಚೈನನ್ನು ಹೊಸದರ ಪಕ್ಕದಲ್ಲಿ ಮಲಗಿಸಿ, ಎರಡನ್ನೂ ಒಂದೊಂದು ತುದಿ ಹಿಡಿದು ಅಡ್ಡಡ್ಡ ಎತ್ತಿ ನೋಡಿ. ಹೊಸದು ಬಹುಮಟ್ಟಿಗೆ ನೆಟ್ಟಗೆ ನಿಲ್ಲುತ್ತದೆ, ಹಳೆಯದು ಬಿಲ್ಲಿನಂತೆ ಬಾಗುತ್ತದೆ. ಉಕ್ಕು ಎಳೆದು ಉದ್ದವಾದದ್ದಲ್ಲ ಇದು. ಪ್ರತಿ ಕೊಂಡಿಯ ಪಿನ್ನು ಕೂದಲೆಳೆಯಷ್ಟೂ ಸವೆದಿರುವುದಿಲ್ಲ, ಆದರೆ ಎಲ್ಲ ಕೊಂಡಿಗಳ ಸವೆತ ಸೇರಿದಾಗ ಕಣ್ಣಿಗೆ ಕಾಣುವಷ್ಟಾಗುತ್ತದೆ. ಇಂಥ ಚೈನ್ ಜೊತೆ ಓಡಿದ ಸ್ಪ್ರಾಕೆಟ್‌ಗಳ ಹಲ್ಲೂ ಸವೆದಿರುತ್ತವೆ. ಅವನ್ನು ಹಾಗೇ ಬಿಟ್ಟು ಚೈನ್ ಮಾತ್ರ ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ. ಸ್ಪ್ರಾಕೆಟ್, ಗೈಡ್, ಟೆನ್ಷನರ್, ಕ್ರ್ಯಾಂಕ್ ಆಯಿಲ್ ಸೀಲ್ ಎಲ್ಲವನ್ನೂ ಒಟ್ಟಿಗೆ ಬದಲಿಸುವುದೇ ಸರಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಅಗ್ಗದ ಕಿಟ್‌ಗೆ ಆಸೆಪಟ್ಟು ಉಳಿಸಿದ ದುಡ್ಡು, ಮತ್ತೆ ಬಿಚ್ಚುವ ಕೂಲಿಗೂ ಸಾಲದು.

ಎಲ್ಲ ಕೂರಿಸಿ, ಲಾಕ್ ತೆಗೆದ ಮೇಲೆ ಒಳ್ಳೆಯ ಮೆಕ್ಯಾನಿಕ್ ಕೀಲಿಗೆ ಕೈ ಹಾಕುವುದಿಲ್ಲ. ಕ್ರ್ಯಾಂಕ್ ಬೋಲ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ಎರಡು ಸುತ್ತು ತಿರುಗಿಸುತ್ತಾನೆ. ಕಂಪ್ರೆಶನ್‌ನ ಬಿಗಿ ಮೆತ್ತಗೆ ಏರಿ ಇಳಿಯುತ್ತದೆ. ವಾಲ್ವ್ ತಾಗಿದರೆ ಗಟ್ಟಿಯಾಗಿ ತಡೆಯುತ್ತದೆ. ಈ ವ್ಯತ್ಯಾಸ ಅಂಗೈಗೆ ಗೊತ್ತಾಗಬೇಕು. ತಡೆದರೆ ಬಲ ಹಾಕದೆ ಅಲ್ಲೇ ನಿಲ್ಲಿಸುತ್ತಾನೆ. ಎರಡು ಸುತ್ತು ಮುಗಿದ ಮೇಲೆ ಲಾಕಿಂಗ್ ಟೂಲ್ ಸಲೀಸಾಗಿ ಮತ್ತೆ ಕೂತರೆ ಟೈಮಿಂಗ್ ಸರಿಯಿದೆ ಎಂದರ್ಥ.

ಚೈನ್ ಎಂಜಿನ್ ಇರುವಷ್ಟು ಕಾಲವೂ ಬಾಳುತ್ತದೆ ಎಂಬ ಮಾತು ಆಯಿಲ್ ಚೆನ್ನಾಗಿದ್ದರೆ ಮಾತ್ರ ನಿಜ. ಡೀಸೆಲ್‌ನ ಮಸಿ ಆಯಿಲ್‌ಗೆ ಸೇರಿ ಪಿನ್ನುಗಳನ್ನು ಉಜ್ಜುತ್ತದೆ. ಆಯಿಲ್ ಬದಲಿಸುವುದನ್ನು ಮುಂದೂಡಿದಷ್ಟೂ ಸವೆತ ಹೆಚ್ಚು. ಹೊಸ ಚೈನ್ ಹಾಕಿದ ದಿನವೇ ಕಂಪನಿ ಹೇಳಿದ ಗ್ರೇಡಿನ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿಸಿ, ಮೀಟರಿನಲ್ಲಿರುವ ಕಿಲೋಮೀಟರನ್ನು ಬರೆದಿಟ್ಟುಕೊಳ್ಳಿ.