ಬಿಟ್ಟುಬಂದ ಅಂಕಗಣಿತ

ಭೌತಶಾಸ್ತ್ರವು ಬಹು ಕಠಿಣವೆಂದು ಕಾಲೇಜಿನ ವಿದ್ಯಾರ್ಥಿಗಳು ಹೇಳುವುದನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಕಷ್ಟವೆಲ್ಲಿದೆಯೆಂದು ವಿಚಾರಿಸಿದರೆ ಅವರು ಕಲನಶಾಸ್ತ್ರದ ಕಡೆಗೋ ತ್ರಿಕೋಣಮಿತಿಯ ಕಡೆಗೋ ಬೆರಳು ತೋರಿಸುವರು. ಉತ್ತರಪತ್ರಿಕೆಗಳನ್ನು ತಿದ್ದುವ ನಮಗೆ ಕಾಣುವುದೇ ಬೇರೆ. ಸೂತ್ರವು ಸರಿಯಾಗಿರುತ್ತದೆ, ಅದರಲ್ಲಿ ಬೆಲೆಗಳನ್ನು ಹಾಕಿರುವುದೂ ಸರಿಯಾಗಿರುತ್ತದೆ. ಲೆಕ್ಕವು ಕೆಡುವುದು ಆರನೆಯ ಅಥವಾ ಏಳನೆಯ ತರಗತಿಯಲ್ಲಿ ಕಲಿತು, ಮುಗಿಯಿತೆಂದು ಕೈಬಿಟ್ಟ ಭಿನ್ನರಾಶಿಯಲ್ಲಿ, ಅನುಪಾತದಲ್ಲಿ, ಅಳತೆಯ ಮಾನಗಳಲ್ಲಿ.

ಒಂದು ಉದಾಹರಣೆಯನ್ನು ನೋಡೋಣ. ೩ ಓಮ್ ಮತ್ತು ೬ ಓಮ್ ರೋಧವುಳ್ಳ ಎರಡು ತಂತಿಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧವೆಷ್ಟು? ರೋಧಗಳ ವ್ಯುತ್ಕ್ರಮಗಳನ್ನು ಕೂಡಬೇಕೆಂಬುದು ಎಲ್ಲರಿಗೂ ಬಾಯಿಪಾಠ. ಅದರಂತೆ ೧/೩ ಮತ್ತು ೧/೬ ಎಂದು ಬರೆದೂ ಬರೆಯುತ್ತಾರೆ. ಅನಂತರ ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಕೂಡಿ ೨/೯ ಎಂದು ಪಡೆದು, ಅದನ್ನು ತಲೆಕೆಳಗು ಮಾಡಿ, ೪.೫ ಓಮ್ ಎಂದು ಅಡಿಗೆರೆ ಎಳೆಯುವವರು ಪ್ರತಿವರ್ಷವೂ ಇದ್ದಾರೆ. ನೋಡಲು ಉತ್ತರವು ಅಚ್ಚುಕಟ್ಟಾಗಿಯೇ ಇದೆ!

ಆದರೆ ಅದು ಹೇಳುವುದೇನು? ಜಾತ್ರೆಯ ದಿನ ಗುಡಿಗೆ ಒಂದೇ ಬಾಗಿಲಿದ್ದಾಗ ನೂಕುನುಗ್ಗಲು ಇರುವುದು ಸಹಜ. ಮಗ್ಗುಲಲ್ಲಿ ಇನ್ನೊಂದು ಬಾಗಿಲನ್ನು, ಅದೆಷ್ಟೇ ಕಿರಿದಾಗಿರಲಿ, ತೆರೆದರೆ ಜನರು ಹಾಯುವುದು ಸುಲಭವಾಗಬೇಕಲ್ಲದೆ ಕಷ್ಟವಾಗಲಾರದು. ೩ ಓಮಿನ ತಂತಿಯ ಪಕ್ಕದಲ್ಲಿ ಮತ್ತೊಂದು ದಾರಿಯನ್ನು ಕೊಟ್ಟ ಮೇಲೆ ಒಟ್ಟು ರೋಧವು ೩ಕ್ಕಿಂತ ಕಡಿಮೆಯೇ ಆಗಬೇಕು. ಇಷ್ಟು ಯೋಚಿಸಿದ್ದರೆ ೪.೫ನ್ನು ಕಂಡೊಡನೆ ಲೇಖನಿ ನಿಲ್ಲುತ್ತಿತ್ತು. ಒಂದು ಹೋಳಿಗೆಯ ಮೂರರಲ್ಲೊಂದು ಪಾಲೂ ಆರರಲ್ಲೊಂದು ಪಾಲೂ ಒಂದೇ ಗಾತ್ರದ ತುಂಡುಗಳಲ್ಲ. ಮೊದಲನೆಯದನ್ನು ಎರಡು ಆರನೆಯ ಪಾಲುಗಳಾಗಿ ಕತ್ತರಿಸಿದ ಮೇಲೆಯೇ ಎಣಿಸಲು ಬರುವುದು. ಆಗ ಮೊತ್ತ ೩/೬, ಎಂದರೆ ಅರ್ಧ. ರೋಧ ೨ ಓಮ್. (ಅರ್ಧಕ್ಕೇ ನಿಂತು, ತಲೆಕೆಳಗು ಮಾಡುವುದನ್ನು ಮರೆಯುವವರ ಗುಂಪೊಂದು ಬೇರೆಯೇ ಉಂಟು.)

ಈ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿಗಳಿಗೆಂದೇ ಒಂದು ಅಧ್ಯಾಯವಿದೆ. ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಹಿಡಿದು ಕೂಡುವ ಕ್ರಮವನ್ನು ಅಲ್ಲಿ ಕಾಣಬಹುದು. ಅದೇ ಗ್ರಂಥವು ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗುವುದಿಲ್ಲವೆಂದೂ ಹೇಳುತ್ತದೆ. ಭಾಗಾಕಾರವು ದೊಡ್ಡವರೂ ಎಡವಿದ ತಾಣ.

ಮಾನಗಳ ವಿಷಯ ಇನ್ನೂ ಗಂಭೀರವಾದುದು. ತರಗತಿಯಲ್ಲಿ ತಪ್ಪಿದರೆ ಎರಡು ಅಂಕಗಳು ಹೋದಾವು. ಹೊರಗೆ ತಪ್ಪಿದರೆ ಏನಾಗಬಹುದೆಂಬುದಕ್ಕೆ ಕೆನಡಾ ದೇಶದ ಘಟನೆಯೊಂದು ಸಾಕ್ಷಿ. ೧೯೮೩ರ ಜುಲೈ ೨೩ರಂದು ಏರ್ ಕೆನಡಾ ಸಂಸ್ಥೆಯ ಬೋಯಿಂಗ್ ೭೬೭ ವಿಮಾನವೊಂದು ಮಾಂಟ್ರಿಯಲ್‌ನಿಂದ ಒಟ್ಟಾವದ ಮಾರ್ಗವಾಗಿ ಎಡ್ಮಂಟನ್ನಿಗೆ ಹೊರಟಿತು. ಆ ದೇಶವು ಪೌಂಡುಗಳನ್ನು ಬಿಟ್ಟು ಮೆಟ್ರಿಕ್ ಪದ್ಧತಿಗೆ ತಿರುಗುತ್ತಿದ್ದ ಕಾಲವದು. ವಿಮಾನದ ಇಂಧನಮಾಪಕಗಳು ಕೆಟ್ಟಿದ್ದುವು. ಆದುದರಿಂದ ಅಳತೆಯ ಕಡ್ಡಿಯಿಂದ ತೊಟ್ಟಿಗಳನ್ನು ಪರೀಕ್ಷಿಸಿ, ಉಳಿದಿರುವ ಇಂಧನ ೭,೬೮೨ ಲೀಟರ್ ಎಂದು ಕಂಡುಕೊಂಡರು. ಪ್ರಯಾಣಕ್ಕೆ ಬೇಕಾದುದು ೨೨,೩೦೦ ಕಿಲೋಗ್ರಾಂ. ಇನ್ನೆಷ್ಟು ಲೀಟರ್ ತುಂಬಬೇಕು? ಒಂದು ಗುಣಾಕಾರ, ಒಂದು ವ್ಯವಕಲನ, ಒಂದು ಭಾಗಾಕಾರ. ಏಳನೆಯ ತರಗತಿಯ ಲೆಕ್ಕ.

ಲೆಕ್ಕ ಮಾಡಿದವರು ಲೀಟರಿನ ತೂಕವನ್ನು ೧.೭೭ ಎಂದು ಹಿಡಿದರು. ೭,೬೮೨ನ್ನು ೧.೭೭ರಿಂದ ಗುಣಿಸಿದರೆ ೧೩,೫೯೭, ೨೨,೩೦೦ರಲ್ಲಿ ಅದನ್ನು ಕಳೆದರೆ ೮,೭೦೩, ಮತ್ತೆ ೧.೭೭ರಿಂದ ಭಾಗಿಸಿದರೆ ೪,೯೦೦ಕ್ಕೆ ತುಸು ಹೆಚ್ಚು. ಅಷ್ಟು ಲೀಟರನ್ನು ತುಂಬಲಾಯಿತು. ಅಂಕಿಗಳಲ್ಲಿ ದೋಷವಿಲ್ಲ. ಆದರೆ ೧.೭೭ ಎಂಬುದು ಒಂದು ಲೀಟರ್ ಇಂಧನದ ತೂಕ ಪೌಂಡುಗಳಲ್ಲಿ. ಕಿಲೋಗ್ರಾಂಗಳಲ್ಲಿ ಅದು ಸುಮಾರು ೦.೮ ಮಾತ್ರ. ನಿಜವಾಗಿ ತುಂಬಬೇಕಾಗಿದ್ದುದು ೨೦,೦೦೦ ಲೀಟರಿಗೂ ಮಿಕ್ಕಿ. ಅರ್ಧ ದಾರಿಯಲ್ಲಿ, ಸುಮಾರು ೪೧,೦೦೦ ಅಡಿ ಎತ್ತರದಲ್ಲಿ, ಇಂಧನ ತೀರತೊಡಗಿ ಎರಡು ಎಂಜಿನುಗಳೂ ಒಂದಾದ ಮೇಲೊಂದರಂತೆ ನಿಂತವು. ಎಂಜಿನಿಲ್ಲದ ಗ್ಲೈಡರುಗಳನ್ನು ಹಾರಿಸಿ ಅನುಭವವಿದ್ದ ಕ್ಯಾಪ್ಟನ್ ಪಿಯರ್ಸನ್ ಅವರು ವಿಮಾನವನ್ನು ತೇಲಿಸುತ್ತ ತಂದು, ಜಿಮ್ಲಿ ಎಂಬಲ್ಲಿಯ ಹಳೆಯ ಸೇನಾ ವಿಮಾನನೆಲೆಯಲ್ಲಿ ಇಳಿಸಿದರು. ಅದರಲ್ಲಿದ್ದವರೆಲ್ಲರೂ ಬದುಕಿ ಉಳಿದರು.

ಇಲ್ಲಿಯೂ ಗುಡಿಯ ಬಾಗಿಲಿನಂಥ ಒಂದು ಯೋಚನೆ ಸಾಕಾಗುತ್ತಿತ್ತು. ವಿಮಾನದ ಇಂಧನ ಸೀಮೆಎಣ್ಣೆಯ ಜಾತಿಯದು. ಸೀಮೆಎಣ್ಣೆ ನೀರಿನ ಮೇಲೆ ತೇಲುವುದನ್ನು ಯಾರು ನೋಡಿಲ್ಲ? ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುವಾಗ, ಅದರ ಮೇಲೆ ತೇಲುವ ಎಣ್ಣೆಯ ಲೀಟರು ೧.೭೭ ಕಿಲೋಗ್ರಾಂ ತೂಗುವುದೆಂತು? ಹಾಳೆಯ ಮೇಲೆ ಸಂಖ್ಯೆಯ ಮುಂದೆ ‘ಲೀಟರಿಗೆ ಪೌಂಡು’ ಎಂದು ಬರೆದಿದ್ದರೂ ಸಾಕಾಗುತ್ತಿತ್ತು. ಮಾನವಿಲ್ಲದೆ ಬರೆದ ಅಂಕಿಗೆ ನಾವು ಅಂಕ ಕೊಡದಿರುವುದು ಕೇವಲ ಹಟವಲ್ಲವೆಂದು ವಿದ್ಯಾರ್ಥಿಗಳು ಈಗ ಒಪ್ಪಬಹುದು.

ತ್ರೈರಾಶಿಕವೂ ಹಾಗೆಯೇ. ಅದನ್ನು ಚೆನ್ನಾಗಿ ಕಲಿತವರೇ ಅದನ್ನು ಸಲ್ಲದೆಡೆಗೂ ಎಳೆಯುತ್ತಾರೆ. ಮೇಲಿನಿಂದ ಬಿಟ್ಟ ಕಲ್ಲು ಒಂದು ಸೆಕೆಂಡಿನಲ್ಲಿ ಸುಮಾರು ೫ ಮೀಟರ್ ಬೀಳುವುದಾದರೆ ಎರಡು ಸೆಕೆಂಡುಗಳಲ್ಲಿ ೧೦ ಮೀಟರ್ ಎನ್ನುವರು. ನಿಜವಾಗಿ ಅದು ಬೀಳುವುದು ೨೦ ಮೀಟರ್. ಕಾಲ ಇಮ್ಮಡಿಯಾದರೆ ದೂರ ನಾಲ್ಮಡಿ. ಆಳುಗಳು ಹೆಚ್ಚಿದಂತೆ ದಿನಗಳು ಕಡಿಮೆಯಾಗುವ ವ್ಯಸ್ತ ತ್ರೈರಾಶಿಕವನ್ನು ಭಾಸ್ಕರಾಚಾರ್ಯನು ‘ಲೀಲಾವತಿ’ಯಲ್ಲಿ ಬೇರೆಯಾಗಿಯೇ ಹೇಳಿದ್ದಾನೆ. ಯಾವುದು ಯಾವುದರೊಡನೆ ಹೇಗೆ ಬದಲಾಗುವುದೆಂದು ಮೊದಲು ಕೇಳಿಕೊಂಡು, ಅನಂತರ ಗುಣಿಸಬೇಕು.

ಹಳೆಯ ಪಠ್ಯಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಓದಿರೆಂದು ನಾವು ಹೇಳುವುದಿಲ್ಲ. ಹಾಗೆ ಆರಂಭಿಸಿದವರು ಮೂರನೆಯ ದಿನಕ್ಕೆ ಬಿಡುತ್ತಾರೆ. ಈ ವಾರದ ಭೌತಶಾಸ್ತ್ರದ ಲೆಕ್ಕಗಳನ್ನೇ ತೆಗೆದುಕೊಳ್ಳಿರಿ. ಬಿಡಿಸುವ ಮೊದಲು ಉತ್ತರವು ಎಷ್ಟರೊಳಗೆ ಬರಬೇಕೆಂದು ಅಂಚಿನಲ್ಲಿ ಬರೆಯಿರಿ. ಉತ್ತರ ಅದಕ್ಕೆ ಹೊಂದದಿದ್ದರೆ ಯಾವ ಮೆಟ್ಟಿಲಲ್ಲಿ ಜಾರಿತೆಂದು ಹುಡುಕಿ, ಆ ಭಾಗವನ್ನು ಮಾತ್ರ ಹಳೆಯ ಪುಸ್ತಕದಲ್ಲಿ ನೋಡಿದರೆ ಸಾಕು.

ಮೊದಲ ಲೆಕ್ಕವನ್ನು ನಾವೇ ಕೊಡುತ್ತೇವೆ. ಬಸ್ಸೊಂದು ಒಂದೂರಿಗೆ ಗಂಟೆಗೆ ೪೦ ಕಿಲೋಮೀಟರ್ ವೇಗದಿಂದ ಹೋಗಿ, ಅದೇ ದಾರಿಯಲ್ಲಿ ೬೦ರ ವೇಗದಿಂದ ಮರಳುತ್ತದೆ. ಒಟ್ಟು ಪ್ರಯಾಣದ ಸರಾಸರಿ ವೇಗವೆಷ್ಟು? ೫೦ ಎಂದು ಬರೆಯುವ ಮುನ್ನ, ಊರು ೧೨೦ ಕಿಲೋಮೀಟರ್ ದೂರವಿದೆಯೆಂದು ಇಟ್ಟುಕೊಂಡು, ಹೋಗಲೆಷ್ಟು ಗಂಟೆ, ಬರಲೆಷ್ಟು ಗಂಟೆ ಎಂದು ಎಣಿಸಿ ನೋಡಿರಿ. ೪೮ ಬರುತ್ತದೆ.